ಮಾರಾಟಕ್ಕಲ್ಲದ ಕಾರುಗಳು

ಟೆಸ್ಟ್ ಟ್ರ್ಯಾಕ್ ನೋಡಲು ಬಂದವರಿಗೆ ನಮ್ಮ ಸಂಶೋಧನಾ ಕಾರು ತೋರಿಸಿದರೆ ಮುಖ ಸಪ್ಪಗಾಗುತ್ತದೆ. ಅವರ ತಲೆಯಲ್ಲಿರುವುದು ಮೋಟಾರ್ ಶೋದಲ್ಲಿ ತಿರುಗುವ ವೇದಿಕೆ ಮೇಲೆ ಮಿಂಚುವ ಕಾರು. ಇಲ್ಲಿ ನಿಂತಿರುವುದು ಯಾವುದೋ ಹಳೇ ಮಾಡೆಲ್‌ನ ಬಾಡಿ. ಹಿಂದಿನ ಸೀಟು ಕಿತ್ತು ಅಲ್ಲಿ ಅಳತೆಗಳನ್ನು ದಾಖಲಿಸುವ ಡೇಟಾ ಲಾಗರ್ ಕೂರಿಸಿರುತ್ತೇವೆ, ಡ್ಯಾಶ್‌ಬೋರ್ಡ್ ಅರ್ಧ ಬಿಚ್ಚಿರುತ್ತದೆ, ವೈರುಗಳ ಕಟ್ಟು ಸೀಟಿನ ಪಕ್ಕದಲ್ಲೇ ಹಾದುಹೋಗಿರುತ್ತದೆ, ಡ್ರೈವರ್ ಕೈಗೆ ಸಿಗುವ ಜಾಗದಲ್ಲಿ ಒಂದು ದಪ್ಪ ಕೆಂಪು ಗುಂಡಿ. ಅದನ್ನು ಒತ್ತಿದರೆ ಎಲ್ಲ ಬಂದ್.

ನನಗೆ ಈ ಕಾರುಗಳೇ ಇಷ್ಟ. ನನ್ನ ಕೆಲಸದ ವರ್ಷಗಳೆಲ್ಲ ಇವುಗಳ ಒಳಗೇ ಕಳೆದಿವೆ. ನಾಳೆ ನೀವು ಓಡಿಸುವ ಕಾರಿನ ಬಗ್ಗೆ ನಿಜವಾದ ಸುದ್ದಿ ಸಿಗುವುದೂ ಇಲ್ಲೇ.

ಮೊದಲು ಒಂದು ಗೊಂದಲ ಬಿಡಿಸೋಣ. ಕಾನ್ಸೆಪ್ಟ್ ಕಾರು ಎಂದರೆ ಕಂಪನಿ ಜನರಿಗೆ ತೋರಿಸುವ ಆಸೆ. ಕೆಲವು ಕಾನ್ಸೆಪ್ಟ್ ಕಾರುಗಳು ವೇದಿಕೆಯಿಂದ ಇಳಿದು ನೆಟ್ಟಗೆ ನೂರು ಮೀಟರ್ ಓಡುವುದಿಲ್ಲ. ಪ್ರೊಟೊಟೈಪ್ ಎಂದರೆ ಮಾರಾಟಕ್ಕೆ ಬರುವ ಕಾರಿನ ಮೊದಲ ಮಾದರಿ. ಅದು ಏನಾಗಬೇಕು ಅನ್ನುವುದು ಆಗಲೇ ತೀರ್ಮಾನವಾಗಿರುತ್ತದೆ. ಸಂಶೋಧನಾ ಕಾರು ಇವೆರಡೂ ಅಲ್ಲ. ಅದನ್ನು ಕಟ್ಟುವುದು ಒಂದು ಪ್ರಶ್ನೆ ಕೇಳಲು. ಆದ್ದರಿಂದ ಒಂದು ಸಂಶೋಧನಾ ಕಾರು ಗೆದ್ದಿತೋ ಸೋತಿತೋ ಎಂದು ನೋಡುವಾಗ ಅದು ಮಾರಾಟಕ್ಕೆ ಬಂತಾ ಎಂದು ಕೇಳಬಾರದು. ಯಾವ ಪ್ರಶ್ನೆ ಕೇಳಿತು, ಉತ್ತರ ಸಿಕ್ಕಿತಾ ಎಂದು ಕೇಳಬೇಕು.

ಸುರಕ್ಷತೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. 1970ರ ದಶಕದ ಶುರುವಿನಲ್ಲಿ ಅಮೆರಿಕ ಸರ್ಕಾರ ಪ್ರಯೋಗಾತ್ಮಕ ಸುರಕ್ಷತಾ ವಾಹನಗಳ ಯೋಜನೆಯೊಂದನ್ನು ಆರಂಭಿಸಿತು. ಅದರ ಮುಖ್ಯ ಬೇಡಿಕೆ: ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗಟ್ಟಿ ಗೋಡೆಗೆ ಗುದ್ದಿದರೂ ಒಳಗಿನವರು ಬದುಕಬೇಕು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಮರ್ಸಿಡಿಸ್ 1971ರಿಂದ 1975ರ ನಡುವೆ ಇಎಸ್‌ಎಫ್ ಹೆಸರಿನಲ್ಲಿ 30ಕ್ಕೂ ಹೆಚ್ಚು ಪ್ರಯೋಗದ ಕಾರು ಕಟ್ಟಿತು. ವೋಲ್ವೊ 1972ರಲ್ಲಿ ವಿಇಎಸ್‌ಸಿ ಎಂಬ ಕಾರನ್ನು ತೋರಿಸಿತು. ಇವು ನೋಡಲು ಚೆನ್ನಾಗಿರಲಿಲ್ಲ. ಬಂಪರ್‌ಗಳು ಮೂತಿ ಚಾಚಿಕೊಂಡಿದ್ದವು, ತೂಕ ಜಾಸ್ತಿಯಾಗಿತ್ತು. ಹಾಗೇ ಮಾರಲು ಹೊರಟಿದ್ದರೆ ಯಾರೂ ಕೊಳ್ಳುತ್ತಿರಲಿಲ್ಲ. ಆದರೆ ವೋಲ್ವೊ ಕಲಿತದ್ದು 1974ರ 240 ಮಾಡೆಲ್‌ಗೆ ಹೋಯಿತು. ಇಎಸ್‌ಎಫ್ ಕಾರುಗಳಲ್ಲಿ ಪರೀಕ್ಷೆಯಾಗಿದ್ದ ಎಬಿಎಸ್ 1978ರಲ್ಲಿ ಎಸ್-ಕ್ಲಾಸ್‌ಗೆ ಬಂತು, ಏರ್‌ಬ್ಯಾಗ್ ಮತ್ತು ಬೆಲ್ಟ್ ಬಿಗಿಯುವ ಸಾಧನ 1981ರ ಹೊತ್ತಿಗೆ ಬಂದವು. ಇವತ್ತು ಇವು ಸಣ್ಣ ಕಾರುಗಳಲ್ಲೂ ಇವೆ.

ಎಬಿಎಸ್ ಕಥೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಇಂಥ ಕೆಲಸಕ್ಕೆ ಯಾಕಿಷ್ಟು ವರ್ಷ ಬೇಕು ಅನ್ನುವುದು ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಬ್ರೇಕ್ ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯಬೇಕು ಅನ್ನುವ ಐಡಿಯಾ ಹಳೆಯದು. 1970ರಲ್ಲೇ ಅದು ಕಾರಿನಲ್ಲಿ ಓಡುತ್ತಿತ್ತು, ಪತ್ರಕರ್ತರಿಗೆ ತೋರಿಸಿಯೂ ಆಗಿತ್ತು. ಆದರೆ ಆ ಮೊದಲ ಎಲೆಕ್ಟ್ರಾನಿಕ್ ಕಂಟ್ರೋಲರ್‌ನಲ್ಲಿ ಸುಮಾರು 1000 ಬಿಡಿಭಾಗಗಳಿದ್ದವು. ಬಿಸಿಲು, ಚಳಿ, ಕುಲುಕಾಟ, ನೀರು ಎಲ್ಲದರ ನಡುವೆ ಅಷ್ಟೂ ಭಾಗಗಳು ವರ್ಷಗಟ್ಟಲೆ ಕೆಟ್ಟು ಹೋಗದೆ ಇರಬೇಕು, ಒಂದು ಕೆಟ್ಟರೆ ಕೈಕೊಡುವುದು ಬ್ರೇಕ್! ಡಿಜಿಟಲ್ ಚಿಪ್‌ಗಳು ಬಂದು ಆ ಸಂಖ್ಯೆ ಸುಮಾರು 140ಕ್ಕೆ ಇಳಿದ ಮೇಲೆಯೇ ಅದನ್ನು ಜನರ ಕೈಗೆ ಕೊಡುವ ಧೈರ್ಯ ಬಂದದ್ದು. ನಡುವಿನ ಎಂಟು ವರ್ಷ ಯಾರೂ ಕೈಕಟ್ಟಿ ಕೂತಿರಲಿಲ್ಲ. ಯಾವ ಭಾಗ ಮೊದಲು ಕೈಕೊಡುತ್ತದೆ, ಒದ್ದೆ ರಸ್ತೆಯಲ್ಲಿ ಏನಾಗುತ್ತದೆ, ಜಲ್ಲಿಕಲ್ಲಿನ ಮೇಲೆ ಏನಾಗುತ್ತದೆ, ಎರಡು ಚಕ್ರ ಮಂಜಿನ ಮೇಲೆ ಎರಡು ಚಕ್ರ ಟಾರ್ ಮೇಲೆ ಇದ್ದಾಗ ಏನಾಗುತ್ತದೆ ಎಂದು ಒಂದೊಂದನ್ನೇ ಓಡಿಸಿ ಓಡಿಸಿ ನೋಡುತ್ತಿದ್ದರು.

ಈಗ ಎಲ್ಲ ಕಂಪ್ಯೂಟರ್‌ನಲ್ಲೇ ಲೆಕ್ಕ ಹಾಕಬಹುದಲ್ವಾ, ಕಾರು ಯಾಕೆ ಕಟ್ಟಬೇಕು ಎಂದು ಹೊಸದಾಗಿ ಕೆಲಸಕ್ಕೆ ಸೇರುವವರು ಕೇಳುತ್ತಾರೆ. ಒಳ್ಳೇ ಪ್ರಶ್ನೆ. ನಾವೂ ಸಿಮ್ಯುಲೇಶನ್ ಬೇಕಾದಷ್ಟು ಮಾಡುತ್ತೇವೆ. ಆದರೆ ನಾವು ಹೇಳಿಕೊಟ್ಟದ್ದಷ್ಟೇ ಕಂಪ್ಯೂಟರ್‌ನೊಳಗಿನ ಮಾಡೆಲ್‌ಗೆ ಗೊತ್ತು, ನಮಗೇ ಹೊಳೆಯದ್ದು ಅದಕ್ಕೆ ಹೊಳೆಯುವುದಿಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಒಂದು ಎಲೆಕ್ಟ್ರಿಕ್ ಪ್ರಯೋಗದ ಕಾರಿನಲ್ಲಿ ಚಕ್ರದ ವೇಗ ಅಳೆಯುವ ಸೆನ್ಸರ್ ಹಾಕಿದ್ದೆವು. ಮೇಜಿನ ಮೇಲೆ ಪರೀಕ್ಷೆ ಮಾಡಿದಾಗ ಸಿಗ್ನಲ್ ಗೆರೆ ಎಳೆದಂತೆ ಸ್ವಚ್ಛ. ಬ್ಯಾಟರಿಯ ವಿದ್ಯುತ್ತನ್ನು ಮೋಟರ್‌ಗೆ ಬೇಕಾದಂತೆ ಬದಲಿಸಿ ಕೊಡುವ ಇನ್ವರ್ಟರ್ ಬೇರೆಯಾಗಿ ಪರೀಕ್ಷೆಯಾಗಿತ್ತು, ಅದೂ ಸರಿ. ಎರಡನ್ನೂ ಕಾರಿನಲ್ಲಿ ಸೇರಿಸಿ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಚಕ್ರದ ವೇಗ ಇದ್ದಕ್ಕಿದ್ದಂತೆ ಮೇಲೆ ಕೆಳಗೆ ಕುಣಿಯಲು ಶುರು. ಸಾಫ್ಟ್‌ವೇರ್‌ನಲ್ಲೇ ತಪ್ಪಿದೆ ಎಂದು ಮೂರು ವಾರ ಹುಡುಕಿದೆವು. ಕೊನೆಗೆ ಕಾರಿನ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದಾಗ ಗೊತ್ತಾಯಿತು. ಸೆನ್ಸರ್ ಕೇಬಲ್ ಇನ್ವರ್ಟರ್‌ನಿಂದ ಮೋಟರ್‌ಗೆ ಹೋಗುವ ದಪ್ಪ ಕೇಬಲ್‌ಗೆ ಅಂಟಿಕೊಂಡೇ ಹೋಗಿತ್ತು. ಜತೆಗೆ ಅದರ ಶೀಲ್ಡ್, ಅಂದರೆ ಹೊರಗಿನ ವಿದ್ಯುತ್ ಗದ್ದಲ ತಡೆಯುವ ಲೋಹದ ಹೊದಿಕೆ, ಎರಡೂ ತುದಿಯಲ್ಲಿ ಕಾರಿನ ಲೋಹದ ಮೈಗೆ ಅರ್ಥ್ ಆಗಿತ್ತು. ಕೇಬಲ್ ದಾರಿ ಬದಲಿಸಿದೆವು, ಶೀಲ್ಡನ್ನು ಒಂದೇ ಕಡೆ ಅರ್ಥ್ ಮಾಡಿದೆವು, ಕುಣಿತ ನಿಂತಿತು. ನಮ್ಮ ಯಾವ ಸಿಮ್ಯುಲೇಶನ್‌ನಲ್ಲೂ ಆ ಕೇಬಲ್ ಎಲ್ಲಿ ಹಾದುಹೋಗುತ್ತದೆ ಅನ್ನುವುದೇ ಇರಲಿಲ್ಲ. ಅಂದಿನಿಂದ ನಮ್ಮಲ್ಲಿ ವೈರಿಂಗ್ ದಾರಿಯ ನಕ್ಷೆ ಕೊನೆಗೆ ಮಾಡುವ ಕೆಲಸವಲ್ಲ, ಮೊದಲೇ ಮಾಡುವ ಕೆಲಸ. ಆ ಕಾರಿನ ಮೋಟರ್ ಮುಂದೆ ಯಾವ ಮಾಡೆಲ್‌ಗೂ ಹೋಗಲಿಲ್ಲ. ನಕ್ಷೆ ಮಾಡುವ ಆ ಪದ್ಧತಿ ಮಾತ್ರ ಆಮೇಲಿನ ಎಲ್ಲ ಕೆಲಸಕ್ಕೂ ಹೋಯಿತು.

ಒಂದು ಕಾರಿನಿಂದ ಇನ್ನೊಂದಕ್ಕೆ ಏನು ದಾಟುತ್ತದೆ ಎಂದು ತಿಳಿಯಲು ನಾನು ಯಾವಾಗಲೂ ಹೇಳುವುದು ಸನ್‌ರೇಸರ್ ಕಥೆ. 1987ರಲ್ಲಿ ಆಸ್ಟ್ರೇಲಿಯಾದಲ್ಲಿ ಮೊದಲ ಸಲ ಸೌರ ಕಾರುಗಳ ರೇಸ್ ನಡೆಯಿತು. ಡಾರ್ವಿನ್‌ನಿಂದ ಅಡಿಲೇಡ್‌ವರೆಗೆ ಸುಮಾರು 3,000 ಕಿಲೋಮೀಟರ್. ಜನರಲ್ ಮೋಟರ್ಸ್ ಇದಕ್ಕಾಗಿ ಪಾಲ್ ಮೆಕ್‌ಕ್ರೆಡಿ ಅವರ ಏರೋವೈರನ್‌ಮೆಂಟ್ ತಂಡದ ಜತೆ ಸೇರಿ, ಜಿರಳೆಯ ಬೆನ್ನಿನಂತೆ ಚಪ್ಪಟೆಯಾದ, ಒಬ್ಬರೇ ಕೂರುವ ಕಾರು ಕಟ್ಟಿತು, ಅದೇ ಸನ್‌ರೇಸರ್. ಸರಾಸರಿ ಗಂಟೆಗೆ 66.9 ಕಿಲೋಮೀಟರ್ ವೇಗದಲ್ಲಿ ಓಡಿ ಅದು ಗೆದ್ದಿತು.

ಸೌರ ಕಾರಿನಲ್ಲಿ ಯಾರೂ ಆಫೀಸಿಗೆ ಹೋಗುವುದಿಲ್ಲ. ಹಾಗಾದರೆ ಇದರಿಂದ ಏನು ಬಂತು? ಪ್ಯಾನೆಲ್‌ಗಳಿಂದ ಸಿಗುವ ವಿದ್ಯುತ್ ತೀರಾ ಕಡಿಮೆ, ಒಂದು ಹೇರ್ ಡ್ರೈಯರ್ ಓಡಿಸುವಷ್ಟು. ಅಷ್ಟರಲ್ಲಿ ಒಬ್ಬ ಮನುಷ್ಯನನ್ನು ಹೆದ್ದಾರಿಯುದ್ದಕ್ಕೂ ಸಾಗಿಸಬೇಕೆಂದರೆ ಗಾಳಿಯ ತಡೆ, ಟಯರಿನ ಉಜ್ಜಾಟ, ಮೋಟರ್‌ನಲ್ಲಿ ಬಿಸಿಯಾಗಿ ಹೋಗುವ ಶಕ್ತಿ ಎಲ್ಲವನ್ನೂ ಹಿಂಡಿ ಹಿಂಡಿ ಉಳಿಸಬೇಕು. ಆ ಕಟ್ಟುನಿಟ್ಟು ಆ ತಂಡಕ್ಕೆ ರೂಢಿಯಾಯಿತು. ಅದರಲ್ಲಿದ್ದ ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಅಲನ್ ಕೊಕೋನಿ ಜನರಲ್ ಮೋಟರ್ಸ್‌ನ ಮುಂದಿನ ಎಲೆಕ್ಟ್ರಿಕ್ ಕಾರಿಗೆ ಇನ್ವರ್ಟರ್ ಮಾಡಿದರು. ಆ ಕಾರಿನ ಹೆಸರು ಇಂಪ್ಯಾಕ್ಟ್, 1990ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ತೋರಿಸಿದರು. ಅದೇ ವರ್ಷ ಕ್ಯಾಲಿಫೋರ್ನಿಯಾ, ಹೊಗೆಯೇ ಉಗುಳದ ಕಾರುಗಳನ್ನು ಕಂಪನಿಗಳು ಮಾರಲೇಬೇಕು ಎಂಬ ನಿಯಮ ತಂದಿತು. ಓಡುವ ಕಾರು ಕಣ್ಣೆದುರು ಇದ್ದಾಗ, ಆಗುವುದಿಲ್ಲ ಎಂದು ಹೇಳುವುದು ಕಷ್ಟ. ಇಂಪ್ಯಾಕ್ಟ್ 1996ರಲ್ಲಿ ಇವಿ1 ಆಗಿ ರಸ್ತೆಗೆ ಇಳಿಯಿತು. ಅದರ ಗಾಳಿ ತಡೆಯ ಅಂಕ 0.19, ಇದು ಕಡಿಮೆ ಇದ್ದಷ್ಟೂ ಒಳ್ಳೆಯದು. ಒಳಗೆ ಬೆಚ್ಚಗಿಡಲು, ಹೊರಗಿನ ಗಾಳಿಯ ಬಿಸಿಯನ್ನು ಒಳಗೆ ಎಳೆದು ತರುವ ಹೀಟ್ ಪಂಪ್ ಇತ್ತು. ಇವತ್ತು ಎಲೆಕ್ಟ್ರಿಕ್ ಕಾರುಗಳ ಜಾಹೀರಾತಿನಲ್ಲಿ ಹೀಟ್ ಪಂಪ್ ಎಂದು ದೊಡ್ಡದಾಗಿ ಹಾಕುತ್ತಾರಲ್ಲ, ಅದೇ.

ಇವಿ1 ಕಾರುಗಳನ್ನು ಕಂಪನಿ ವಾಪಸ್ ತೆಗೆದುಕೊಂಡು ಹೆಚ್ಚಿನವನ್ನು ಪುಡಿ ಮಾಡಿತು. ಅಲ್ಲಿಗೆ ಕಥೆ ಮುಗಿಯಿತು ಎಂದೇ ಬಹಳ ಜನ ತಿಳಿದಿದ್ದಾರೆ, ಮುಗಿಯಲಿಲ್ಲ. ಕೊಕೋನಿ ಅಷ್ಟರಲ್ಲಿ ಎಸಿ ಪ್ರೊಪಲ್ಷನ್ ಎಂಬ ಸಣ್ಣ ಕಂಪನಿ ಕಟ್ಟಿಕೊಂಡಿದ್ದರು. ಅಲ್ಲಿ ಟಿ-ಜೀರೊ ಎಂಬ ಪ್ರಯೋಗದ ಸ್ಪೋರ್ಟ್ಸ್ ಕಾರು ಮಾಡಿದರು. ಮೊದಲು ಲೆಡ್ ಆಸಿಡ್ ಬ್ಯಾಟರಿ ಇತ್ತು. 2003ರಲ್ಲಿ ಅದನ್ನು ತೆಗೆದು, ಲ್ಯಾಪ್‌ಟಾಪ್‌ಗೆ ಹಾಕುವಂಥ ಸಣ್ಣ ಲಿಥಿಯಂ ಸೆಲ್‌ಗಳನ್ನು ಸುಮಾರು 6,800 ಜೋಡಿಸಿ ಹಾಕಿದರು. ಅದನ್ನು ಓಡಿಸಿ ನೋಡಿದವರಲ್ಲಿ ಟೆಸ್ಲಾ ಶುರು ಮಾಡಿದವರೂ ಇದ್ದರು. ಅವರು ಮೊದಲು ಆ ತಂತ್ರಜ್ಞಾನದ ಲೈಸೆನ್ಸ್ ಪಡೆದರು, ಆಮೇಲೆ ತಮ್ಮದೇ ಆದದ್ದನ್ನು ಬೆಳೆಸಿದರು. 2008ರ ರೋಡ್‌ಸ್ಟರ್‌ನಲ್ಲಿ ಇದ್ದದ್ದೂ ಅಂಥದೇ 6,831 ಸೆಲ್. ಸೌರ ಕಾರಿನಿಂದ ಇಲ್ಲಿಗೆ 21 ವರ್ಷ. ಒಂದೇ ಒಂದು ಬೋಲ್ಟ್ ಕೂಡ ಹಾಗೇ ದಾಟಿ ಬಂದಿಲ್ಲ. ದಾಟಿದ್ದು ಕೆಲಸ ಗೊತ್ತಿದ್ದ ಮನುಷ್ಯರು. ಅದಕ್ಕೇ ಪ್ರಯೋಗದ ಯೋಜನೆ ನಿಲ್ಲಿಸುವಾಗ ತಂಡವನ್ನೂ ಚದುರಿಸುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಕಾರನ್ನು ಗುಜರಿಗೆ ಹಾಕಿ, ಪರವಾಗಿಲ್ಲ. ಜನರನ್ನು ಬಿಡಬೇಡಿ.

ಉತ್ತರ 'ಬೇಡ' ಎಂದು ಬಂದ ಕಾರುಗಳೂ ಇವೆ. ಕ್ರೈಸ್ಲರ್ 1963ರಿಂದ 1966ರ ನಡುವೆ ಗ್ಯಾಸ್ ಟರ್ಬೈನ್ ಎಂಜಿನ್ ಹಾಕಿದ 50 ಕಾರುಗಳನ್ನು 203 ಸಾಮಾನ್ಯ ಕುಟುಂಬಗಳಿಗೆ ಸರದಿಯಲ್ಲಿ, ತಲಾ ಮೂರು ತಿಂಗಳಿಗೆ ಕೊಟ್ಟಿತು. ಬೇರೆ ಬೇರೆ ಇಂಧನ ಹಾಕಿ ಓಡಿಸಬಹುದಿತ್ತು, ಕುಲುಕಾಟವೇ ಇರಲಿಲ್ಲ. ಆದರೆ ಪೆಡಲ್ ಒತ್ತಿದ ಮೇಲೆ ಎಂಜಿನ್ ಎಚ್ಚೆತ್ತುಕೊಳ್ಳಲು ತಡ, ಇಂಧನ ಜಾಸ್ತಿ ಕುಡಿಯುತ್ತಿತ್ತು, ಆ ಬಿಸಿ ತಡೆಯುವ ಲೋಹಗಳು ದುಬಾರಿ. ಕಾರುಗಳ ಕಥೆ ಅಲ್ಲಿಗೆ ಮುಗಿಯಿತು, ಒಂಬತ್ತು ಮಾತ್ರ ಉಳಿದಿವೆ. ಇದನ್ನು ಸೋಲು ಎನ್ನಲು ನಾನು ಒಪ್ಪುವುದಿಲ್ಲ. ಕಾರ್ಖಾನೆ ಕಟ್ಟಿ, ಲಕ್ಷಗಟ್ಟಲೆ ಮಾಡಿದ ಮೇಲೆ ಇದು ಗೊತ್ತಾಗಿದ್ದರೆ? ಅಷ್ಟೇ ಅಲ್ಲ, ಹೊಸ ತಂತ್ರಜ್ಞಾನವನ್ನು ಎಂಜಿನಿಯರ್‌ಗಳಲ್ಲದವರ ಕೈಗೆ ಕೊಟ್ಟು ನೋಡುವ ಕ್ರಮವೂ ಇಂಥ ಪ್ರಯತ್ನಗಳಿಂದ ಬೆಳೆಯಿತು. ಬಿಎಂಡಬ್ಲ್ಯು 2009ರಿಂದ ಸುಮಾರು 600 ಎಲೆಕ್ಟ್ರಿಕ್ ಮಿನಿಗಳನ್ನು ಹೀಗೇ ಜನರಿಗೆ ಕೊಟ್ಟು ಕಲಿತು, 2013ರಲ್ಲಿ ಐ3 ಎಂಬ ಎಲೆಕ್ಟ್ರಿಕ್ ಕಾರು ತಂದಿತು.

ತಾನೇ ಓಡುವ ಕಾರಿನ ವಿಷಯಕ್ಕೆ ಬಂದರೆ, ಎಲ್ಲರೂ ಇದು ನಿನ್ನೆ ಮೊನ್ನೆಯದು ಎಂದುಕೊಂಡಿದ್ದಾರೆ. ಜರ್ಮನಿಯಲ್ಲಿ ಎರ್ನ್ಸ್ಟ್ ಡಿಕ್‌ಮಾನ್ಸ್ ತಂಡ 1987ರಲ್ಲೇ ಐದು ಟನ್‌ನ ಮರ್ಸಿಡಿಸ್ ವ್ಯಾನ್ ಒಂದನ್ನು, ಇನ್ನೂ ವಾಹನಗಳಿಗೆ ತೆರೆಯದ ಆಟೋಬಾನ್ ಹೆದ್ದಾರಿ ಮೇಲೆ ಗಂಟೆಗೆ 96 ಕಿಲೋಮೀಟರ್ ವೇಗದಲ್ಲಿ ಕ್ಯಾಮೆರಾ ನೋಡಿಕೊಂಡೇ ಓಡುವಂತೆ ಮಾಡಿತ್ತು. ಆಗಿನ ಕಂಪ್ಯೂಟರ್‌ಗೆ ಇಡೀ ಚಿತ್ರ ನೋಡುವ ಶಕ್ತಿ ಇರಲಿಲ್ಲ. ಅದಕ್ಕೆ ಅವರು ರಸ್ತೆಯ ಅಂಚು ಎಲ್ಲಿರಬಹುದು ಎಂದು ಮೊದಲೇ ಅಂದಾಜು ಮಾಡಿ, ಚಿತ್ರದಲ್ಲಿ ಅಷ್ಟು ಸಣ್ಣ ಚೌಕವನ್ನು ಮಾತ್ರ ನೋಡಿ, ಸಿಕ್ಕಿದ್ದನ್ನು ಅಂದಾಜಿಗೆ ಹೋಲಿಸಿ ತಿದ್ದಿಕೊಂಡು ಮುಂದಿನ ಅಂದಾಜು ಮಾಡುತ್ತಿದ್ದರು. ಈ ಅಂದಾಜು ಮಾಡು, ನೋಡು, ತಿದ್ದು ಅನ್ನುವ ಚಕ್ರ ಇವತ್ತಿಗೂ ಎದುರಿನ ವಾಹನವನ್ನು ಹಿಂಬಾಲಿಸುವ ಸಾಫ್ಟ್‌ವೇರ್‌ಗಳ ಒಳಗೆ ತಿರುಗುತ್ತಿದೆ. 1995ರಲ್ಲಿ ಅದೇ ತಂಡದ ಕಾರು ಮ್ಯೂನಿಕ್‌ನಿಂದ ಡೆನ್ಮಾರ್ಕ್‌ಗೆ ಹೋಗಿ ಬಂತು, ಹೆಚ್ಚಿನ ದಾರಿ ತಾನೇ ಓಡಿಸಿಕೊಂಡು.

ಆಮೇಲೆ 2004ರಲ್ಲಿ ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ತಾವೇ ಓಡುವ ವಾಹನಗಳಿಗೆಂದು ಅಲ್ಲಿನ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ನಡೆಸಿದ ರೇಸ್. 200ಕ್ಕೂ ಹೆಚ್ಚು ಕಿಲೋಮೀಟರ್ ದಾರಿಯಲ್ಲಿ ಅತಿ ದೂರ ಹೋದ ವಾಹನ 12 ಕಿಲೋಮೀಟರ್ ಕೂಡ ಮುಟ್ಟಲಿಲ್ಲ. ಮರುವರ್ಷವೇ ಐದು ವಾಹನಗಳು 212 ಕಿಲೋಮೀಟರ್ ಪೂರ್ತಿ ಮುಗಿಸಿದವು. ಗೆದ್ದದ್ದು ಸ್ಟ್ಯಾನ್‌ಫೋರ್ಡ್‌ನ ಸ್ಟ್ಯಾನ್ಲಿ. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಜಾಣತನ. ಲೇಸರ್‌ಗೆ ಹತ್ತಿರದ ನೆಲ ಮಾತ್ರ ಸರಿಯಾಗಿ ಕಾಣುತ್ತದೆ, ಕ್ಯಾಮೆರಾಗೆ ದೂರ ಕಾಣುತ್ತದೆ ಆದರೆ ಅದು ರಸ್ತೆಯೋ ಬಂಡೆಯೋ ತಿಳಿಯುವುದಿಲ್ಲ. ಲೇಸರ್ ಸಮತಟ್ಟು ಎಂದು ಹೇಳಿದ ನೆಲದ ಬಣ್ಣವನ್ನು ಕ್ಯಾಮೆರಾ ಕಲಿತುಕೊಂಡು, ದೂರದಲ್ಲಿ ಅದೇ ಬಣ್ಣ ಹುಡುಕುತ್ತಿತ್ತು. ಓಡುತ್ತಾ ಓಡುತ್ತಾ ಕಲಿಯುವುದು. ಆ ತಂಡದ ಸೆಬಾಸ್ಟಿಯನ್ ಥ್ರನ್ 2009ರಲ್ಲಿ ಗೂಗಲ್‌ನ ಕಾರು ಯೋಜನೆ ಮುನ್ನಡೆಸಿದರು. ರೇಸ್‌ಗೆ ಬಂದಿದ್ದ ಇನ್ನೊಬ್ಬರು, ಡೇವಿಡ್ ಹಾಲ್, ಛಾವಣಿ ಮೇಲೆ ತಿರುಗುತ್ತಾ ಸುತ್ತಲಿನ ದೂರ ಅಳೆಯುವ, 64 ಲೇಸರ್‌ಗಳ ಲಿಡಾರ್ ಎಂಬ ಸಾಧನ ಮಾಡಿದರು. ಇಲ್ಲೂ ಅದೇ, ದಾಟಿದ್ದು ಜನ.

ಈಚಿನದರಲ್ಲಿ ಮರ್ಸಿಡಿಸ್‌ನ ಎಲೆಕ್ಟ್ರಿಕ್ ಪ್ರಯೋಗದ ಕಾರು ಇಕ್ಯೂಎಕ್ಸ್‌ಎಕ್ಸ್ ನೋಡಿ. 2022ರ ಏಪ್ರಿಲ್‌ನಲ್ಲಿ ಒಂದೇ ಚಾರ್ಜ್‌ನಲ್ಲಿ ಜರ್ಮನಿಯಿಂದ ಫ್ರಾನ್ಸ್‌ನ ದಕ್ಷಿಣ ತೀರಕ್ಕೆ 1,000 ಕಿಲೋಮೀಟರ್‌ಗೂ ಹೆಚ್ಚು ಓಡಿತು, ಜೂನ್‌ನಲ್ಲಿ 1,202 ಕಿಲೋಮೀಟರ್. ಪತ್ರಿಕೆಗಳು ದೂರವನ್ನೇ ಬರೆದವು. ನಾನು ನೋಡಿದ್ದು ಇನ್ನೊಂದು ಅಂಕಿ: ಆ ಎರಡನೇ ಓಟದಲ್ಲಿ 100 ಕಿಲೋಮೀಟರ್‌ಗೆ 8.3 ಯೂನಿಟ್ ವಿದ್ಯುತ್. ಬ್ಯಾಟರಿ ದೊಡ್ಡದು ಮಾಡಿ ದೂರ ಹೋಗುವುದು ಸುಲಭ, ಹಣ ಮತ್ತು ತೂಕ ಇದ್ದರೆ ಸಾಕು. ಇವರು ಕೇಳಿದ ಪ್ರಶ್ನೆ ಬೇರೆ: ಖರ್ಚನ್ನೇ ಎಷ್ಟು ಇಳಿಸಬಹುದು? ಇಂಥ ಸುದ್ದಿ ಬಂದಾಗ ನೀವೂ ಹೀಗೇ ನೋಡಿ. ಕಾರಿನ ಬಾಗಿಲು ಹೇಗೆ ತೆರೆಯುತ್ತದೆ ಎನ್ನುವುದನ್ನು ಬಿಡಿ. ಏನನ್ನು ಅಳೆದರು, ರಸ್ತೆಯಲ್ಲಿ ಅಳೆದರೋ ಟ್ರ್ಯಾಕ್‌ನಲ್ಲೋ, ಹವೆ ಹೇಗಿತ್ತು, ಇಷ್ಟನ್ನು ಹುಡುಕಿ. ಇದನ್ನೆಲ್ಲ ಹೇಳದೆ ಸುಮ್ನೆ ಫೋಟೋ ಮಾತ್ರ ಕೊಟ್ಟಿದ್ದರೆ ಅದು ಸಂಶೋಧನಾ ಕಾರಲ್ಲ.

ಈಗ ನನ್ನನ್ನು ಕಾಡುತ್ತಿರುವ ಪ್ರಶ್ನೆ ಮತ್ತೆ ಸುರಕ್ಷತೆಯದು. ಇಷ್ಟು ವರ್ಷ ಏರ್‌ಬ್ಯಾಗ್, ಬೆಲ್ಟ್ ಎಲ್ಲ ಲೆಕ್ಕ ಹಾಕಿದ್ದು ಮನುಷ್ಯ ನೆಟ್ಟಗೆ, ಮುಂದೆ ನೋಡಿಕೊಂಡು ಕೂತಿರುತ್ತಾನೆ ಎಂದು. ಕಾರು ತಾನೇ ಓಡುವಾಗ ಅವನು ಸೀಟು ಹಿಂದಕ್ಕೆ ಚಾಚಿ ಮಲಗುತ್ತಾನೆ, ಪಕ್ಕಕ್ಕೆ ತಿರುಗಿ ಮಾತಾಡುತ್ತಾನೆ. ಮಲಗಿದವನ ಸೊಂಟದ ಬೆಲ್ಟ್ ಗುದ್ದಿದ ಕ್ಷಣದಲ್ಲಿ ಮೂಳೆ ಬಿಟ್ಟು ಹೊಟ್ಟೆಯ ಮೇಲೆ ಜಾರಬಹುದು, ಸ್ಟೀರಿಂಗ್‌ನಿಂದ ಬರುವ ಏರ್‌ಬ್ಯಾಗ್ ಅವನ ತನಕ ಮುಟ್ಟುವುದೇ ಇಲ್ಲ. ಮರ್ಸಿಡಿಸ್ 2019ರಲ್ಲಿ ಹಳೇ ಇಎಸ್‌ಎಫ್ ಹೆಸರಿನಲ್ಲೇ ಕಟ್ಟಿದ ಕಾರಿನಲ್ಲಿ ಸ್ಟೀರಿಂಗ್, ಪೆಡಲ್‌ಗಳು ಒಳಗೆ ಸರಿದುಹೋಗುತ್ತಿದ್ದವು, ಏರ್‌ಬ್ಯಾಗ್‌ಗಳಿಗೆ ಹೊಸ ಜಾಗ ಹುಡುಕಲು ಶುರು ಮಾಡಿದ್ದರು. ನಮ್ಮ ಟ್ರ್ಯಾಕ್‌ನಲ್ಲೂ ಈಗ ಗುದ್ದಿಸುವ ಪರೀಕ್ಷೆಗೆ ಬಳಸುವ ಮನುಷ್ಯಾಕಾರದ ಡಮ್ಮಿಯನ್ನು ಸೀಟಿನಲ್ಲಿ ಒರಗಿಸಿ ಕೂರಿಸುತ್ತಿದ್ದೇವೆ. ಮೊದಲ ಸಲ ಬೆಲ್ಟ್ ಎಲ್ಲಿ ಜಾರುತ್ತದೆ ಎಂದು ನೋಡಲು ಹೆಚ್ಚಿನ ವೇಗದ ಕ್ಯಾಮೆರಾ ಒಂದನ್ನು ಸೊಂಟದ ಎತ್ತರಕ್ಕೆ ಇಳಿಸಿ ಇಟ್ಟೆವು. ಅಲ್ಲಿ ಇಡಬೇಕು ಅಂತ ಮೊದಲು ಯಾರಿಗೂ ಅನ್ನಿಸಿರಲಿಲ್ಲ.