ದಾನಿಯ ಹಣ, ಪಾಲಿಕೆಯ ಲೆಕ್ಕ ಶೀರ್ಷಿಕೆ

ಮುಂಬಯಿ ಮಹಾನಗರ ಪಾಲಿಕೆಯ 2025-26ರ ಬಜೆಟ್ಟಿನ ಗಾತ್ರ 74,427 ಕೋಟಿ ರೂಪಾಯಿ. ದೇಶದ ಬೇರೆ ಯಾವ ನಗರಪಾಲಿಕೆಯೂ ಇದರ ಹತ್ತಿರ ಬರುವುದಿಲ್ಲ. ಹಾಗಿರುವಾಗ ಒಂದು ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ನಿಧಿಯಿಂದ ಬರುವ ಎರಡು ಕೋಟಿಯಾಗಲಿ, ನಮ್ಮ ಸಂಘವೊಂದು ಸದಸ್ಯರಿಂದ ಕೂಡಿಸಿದ ಹತ್ತು ಲಕ್ಷವಾಗಲಿ ಪಾಲಿಕೆಗೆ ಯಾವ ಮೂಲೆಗೆ ಸಾಕಾದೀತು ಎಂದು ಮುಂಬಯಿಯ ಕನ್ನಡ ಸಂಸ್ಥೆಗಳ ಪದಾಧಿಕಾರಿಗಳು ಆಗಾಗ ಕೇಳುತ್ತಾರೆ. ದಾನಿಗಳಿಗೂ ಪಾಲಿಕೆಯ ಇಲಾಖೆಗಳಿಗೂ ನಡುವೆ ಒಪ್ಪಂದಗಳನ್ನು ರೂಪಿಸುವ ವೃತ್ತಿಯಲ್ಲಿರುವವನಾಗಿ ಈ ಪ್ರಶ್ನೆಗೆ ವಿವರವಾಗಿಯೇ ಉತ್ತರಿಸಬೇಕೆಂದು ನನಗೆ ಅನ್ನಿಸಿದೆ.

ಪಾಲಿಕೆಯ ಹಣ ಕಟ್ಟುಪಾಡಿನ ಹಣ. ಪ್ರತಿಯೊಂದು ರೂಪಾಯಿಗೂ ಒಂದು ಲೆಕ್ಕ ಶೀರ್ಷಿಕೆ, ಅಂದರೆ ಬಜೆಟ್ಟಿನಲ್ಲಿ ಆ ಖರ್ಚಿಗೆಂದೇ ಇಟ್ಟ ಬಾಬು ಇರಬೇಕು, ಎಸ್ಟಿಮೇಟ್ ಆಗಬೇಕು, ಟೆಂಡರ್ ಕರೆಯಬೇಕು, ಸಾಮಾನ್ಯವಾಗಿ ಕಡಿಮೆ ದರ ನಮೂದಿಸಿದವರಿಗೆ ಕೆಲಸ ಕೊಡಬೇಕು, ಕೊನೆಗೆ ಲೆಕ್ಕಪರಿಶೋಧಕರ ಮುಂದೆ ಉತ್ತರ ಹೇಳಬೇಕು. ಜನರ ತೆರಿಗೆಯ ಹಣಕ್ಕೆ ಇಷ್ಟು ಕಾವಲು ಇರಲೇಬೇಕು. ಅದನ್ನು ಸಡಿಲಿಸಬೇಕೆಂದು ನಾನು ಎಂದೂ ವಾದಿಸುವುದಿಲ್ಲ. ಆದರೆ ಈ ಕಾವಲಿನೊಳಗೆ ಮಾಡಲಾಗದ ಕೆಲವು ಕೆಲಸಗಳಿವೆ. ತನ್ನ ವಾರ್ಡಿನ ಒಂದು ಬಸ್ತಿಯಲ್ಲಿ ಮಕ್ಕಳು ಮಧ್ಯದಲ್ಲೇ ಶಾಲೆ ಬಿಡುವುದು ಏಕೆ ಎಂದು ಆರು ತಿಂಗಳು ಮನೆ ಮನೆಗೆ ಹೋಗಿ ವಿಚಾರಿಸಲು ಒಬ್ಬರನ್ನು ನೇಮಿಸಬೇಕೆಂದು ವಾರ್ಡಿನ ಸಹಾಯಕ ಆಯುಕ್ತರಿಗೆ ಅನ್ನಿಸಿದರೆ, ಅದಕ್ಕೆ ಮಂಜೂರಾದ ಹುದ್ದೆ ಇರುವುದಿಲ್ಲ. ಸಫಲವಾಗುತ್ತದೋ ಇಲ್ಲವೋ ಗೊತ್ತಿಲ್ಲದ ಪ್ರಯೋಗಕ್ಕೆ ಖರ್ಚು ಮಾಡಿ ಅದು ವಿಫಲವಾದರೆ, ಅಧಿಕಾರಿಯ ಕಡತದಲ್ಲಿ ಆಕ್ಷೇಪಣೆ ಕೂರುತ್ತದೆ. ಆ ಜೋಖಮನ್ನು ದಾನಿಯ ಹಣ ಹೊರಬಲ್ಲುದು. ಅದರ ಬೆಲೆ ಇರುವುದು ಇಲ್ಲಿಯೇ ಹೊರತು ಮೊತ್ತದಲ್ಲಿ ಅಲ್ಲ.

ಅಮೆರಿಕದ ದಾನಸಂಸ್ಥೆ ಬ್ಲೂಮ್‌ಬರ್ಗ್ ಫಿಲಾಂಥ್ರಪೀಸ್‌ನ ರಸ್ತೆ ಸುರಕ್ಷತಾ ಯೋಜನೆಗೆ 2015ರಲ್ಲಿ ಆಯ್ಕೆಯಾದ ಜಗತ್ತಿನ ಹತ್ತು ನಗರಗಳಲ್ಲಿ ಮುಂಬಯಿಯೂ ಒಂದು. ಮಲಾಡಿನ ಮಿಠ್ ಚೌಕಿಯಂಥ ಜಂಕ್ಷನ್ನುಗಳಲ್ಲಿ ಆ ಯೋಜನೆಯ ತಜ್ಞರು ಮೊದಲು ಬಣ್ಣ ಮತ್ತು ತಾತ್ಕಾಲಿಕ ತಡೆಗಳಿಂದಲೇ ರಸ್ತೆಯ ಆಕಾರವನ್ನು ಬದಲಿಸಿ, ಪಾದಚಾರಿಗಳೂ ವಾಹನಗಳೂ ಹೇಗೆ ನಡೆದುಕೊಳ್ಳುತ್ತವೆ ಎಂದು ನೋಡಿದರು. ಕಾಂಕ್ರೀಟ್ ಹಾಕುವುದಕ್ಕೆ ಮುಂಚೆಯೇ ತಪ್ಪು ತಿಳಿಯುವಂತೆ ಮಾಡುವ ಈ ಕ್ರಮ ಪಾಲಿಕೆಯ ಮಾಮೂಲು ಟೆಂಡರಿನಲ್ಲಿ ಹಿಡಿಸುವುದು ಕಷ್ಟ.

ಇದಕ್ಕಿಂತಲೂ ನನಗೆ ಹೆಚ್ಚು ಮುಖ್ಯವೆನಿಸುವ ಉದಾಹರಣೆ ತಾಯಿ ಮತ್ತು ಶಿಶುವಿನ ಆರೋಗ್ಯದ್ದು. ಸಾಯನ್ನಿನಲ್ಲಿರುವ ಪಾಲಿಕೆಯ ಲೋಕಮಾನ್ಯ ತಿಲಕ್ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವೈದ್ಯರಾಗಿದ್ದ ಡಾ. ಆರ್ಮಿಡಾ ಫರ್ನಾಂಡಿಸ್ ಅವರು 1989ರಲ್ಲಿ ಅಲ್ಲಿ ಎದೆಹಾಲಿನ ಬ್ಯಾಂಕನ್ನು ಆರಂಭಿಸಿದರು. ಅದು ಏಷ್ಯಾದಲ್ಲೇ ಮೊದಲನೆಯದು. 1999ರಲ್ಲಿ ಅವರು ಸಹವೈದ್ಯರೊಡನೆ ಕಟ್ಟಿದ ‘ಸ್ನೇಹಾ’ ಸಂಸ್ಥೆ ದಾನಿಗಳ ನೆರವಿನಿಂದ ಪಾಲಿಕೆಯ ಆರೋಗ್ಯ ವ್ಯವಸ್ಥೆಯ ಒಳಗೇ ಕೆಲಸ ಮಾಡಿತು. ಪಾಲಿಕೆಗೆ ಸಣ್ಣ ಪ್ರಸೂತಿಗೃಹಗಳಿದ್ದವು, ಉಪನಗರಗಳಲ್ಲಿ ಮಧ್ಯಮ ಗಾತ್ರದ ಆಸ್ಪತ್ರೆಗಳಿದ್ದವು, ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆಗಳಿದ್ದವು. ಆದರೆ ಯಾವ ತೊಡಕಿನ ಗರ್ಭಿಣಿಯನ್ನು ಯಾವ ಹಂತದಲ್ಲಿ ಎಲ್ಲಿಗೆ ಕಳುಹಿಸಬೇಕು, ಕಳುಹಿಸುವಾಗ ಚೀಟಿಯಲ್ಲಿ ಏನು ಬರೆಯಬೇಕು, ಅಲ್ಲಿಯವರಿಗೆ ಯಾರು ತಿಳಿಸಬೇಕು ಎಂಬ ಸಂಬಂಧಸೂತ್ರವನ್ನು ಬಿಗಿಗೊಳಿಸಬೇಕಿತ್ತು. ಇದಕ್ಕೆ ಬೇಕಾದದ್ದು ಹೊಸ ಕಟ್ಟಡವಲ್ಲ. ಬೇರೆ ಬೇರೆ ಆಸ್ಪತ್ರೆಗಳ ವೈದ್ಯರನ್ನೂ ದಾದಿಯರನ್ನೂ ಒಂದು ಮೇಜಿನ ಸುತ್ತ ತಿಂಗಳುಗಟ್ಟಲೆ ಕೂರಿಸಿ, ಒಪ್ಪಿತ ನಿಯಮಗಳನ್ನು ಬರೆಸಿ, ತರಬೇತಿ ಕೊಟ್ಟು, ಕಳುಹಿಸಿದ ರೋಗಿ ತಲುಪಿದಳೇ ಎಂದು ಬೆನ್ನುಹತ್ತಿ ನೋಡುವ ಜನ ಬೇಕಿತ್ತು. ಉದ್ಘಾಟನೆಗೆ ರಿಬ್ಬನ್ ಕತ್ತರಿಸುವಂಥದ್ದು ಇದರಲ್ಲಿ ಏನೂ ಇಲ್ಲ, ಆದ್ದರಿಂದಲೇ ಇಂಥ ಕೆಲಸಕ್ಕೆ ದಾನಿಗಳು ಸಿಗುವುದು ಕಷ್ಟ. ಸಿಕ್ಕವರಿಗೆ ನಾನು ಕೈಮುಗಿಯುತ್ತೇನೆ.

ಹಳೆಯ ಮುಂಬಯಿಯ ದಾನಿಗಳು ಈ ವಿಷಯದಲ್ಲಿ ನಮಗಿಂತ ಸ್ಪಷ್ಟವಾಗಿ ಯೋಚಿಸಿದ್ದರು. ಮಾಹಿಮ್ ಮತ್ತು ಬಾಂದ್ರಾ ನಡುವಿನ ಕಾಸ್‌ವೇಗೆ (ನೀರನ್ನು ದಾಟುವ ಕಟ್ಟೆರಸ್ತೆಗೆ) ಸರಕಾರ ಹಣ ಕೊಡಲು ಒಪ್ಪದಿದ್ದಾಗ ಲೇಡಿ ಅವಾಬಾಯಿ ಜಮ್‌ಶೆಟ್‌ಜಿ ಒಂದೂವರೆ ಲಕ್ಷಕ್ಕೂ ಹೆಚ್ಚು ರೂಪಾಯಿ ಕೊಟ್ಟು, ದಾಟುವವರಿಂದ ಸುಂಕ ವಸೂಲಿ ಮಾಡಕೂಡದೆಂಬ ಷರತ್ತನ್ನು ಹಾಕಿದರು. 1845ರಲ್ಲಿ ದಾರಿ ತೆರೆಯಿತು. ಪರೇಲಿನಲ್ಲಿ 1926ರಲ್ಲಿ ಕೆಇಎಂ ಆಸ್ಪತ್ರೆಯೊಡನೆ ಆರಂಭವಾದ ಗೋರ್ಧನ್‌ದಾಸ್ ಸುಂದರ್‌ದಾಸ್ ವೈದ್ಯಕೀಯ ಕಾಲೇಜಿಗೆ ಹಣ ಕೊಟ್ಟ ಟ್ರಸ್ಟಿಗಳು, ಅಲ್ಲಿನ ಹುದ್ದೆಗಳಿಗೆ ಅರ್ಹ ಭಾರತೀಯರನ್ನೇ ನೇಮಿಸಬೇಕೆಂದು ಪಟ್ಟುಹಿಡಿದರು. ಸರಕಾರಿ ವೈದ್ಯಕೀಯ ಕಾಲೇಜಿನ ಉನ್ನತ ಹುದ್ದೆಗಳು ಬ್ರಿಟಿಷರಿಗೇ ಮೀಸಲೆಂಬಂತಿದ್ದ ಕಾಲವದು. ಅಸಹಕಾರ ಚಳವಳಿಯ 1921ರಲ್ಲಿ ಹುಟ್ಟಿದ ನ್ಯಾಷನಲ್ ಮೆಡಿಕಲ್ ಕಾಲೇಜು, ಡಾ. ಎ. ಎಲ್. ನಾಯರ್ ಅವರ ತಾಯಿಯ ಹೆಸರಿನ ಆಸ್ಪತ್ರೆ ಮತ್ತು ಟೋಪಿವಾಲಾ ಎಂಬ ದಾನಿಯ ದೇಣಿಗೆ, ಇವು ಒಂದಾಗಿ ಬೆಳೆದು 1946ರಲ್ಲಿ ಪಾಲಿಕೆಯ ಕೈಸೇರಿದವು. ಮುಂಬಯಿ ಸೆಂಟ್ರಲ್ ಬಳಿಯ ಆ ನಾಯರ್ ಆಸ್ಪತ್ರೆಯನ್ನು ಇಂದೂ ಪಾಲಿಕೆಯೇ ನಡೆಸುತ್ತಿದೆ. ದಾನಿಗಳು ಷರತ್ತು ಹಾಕಿದ್ದರು, ಆದರೆ ಆ ಷರತ್ತುಗಳು ಸಾರ್ವಜನಿಕರ ಹಕ್ಕನ್ನು ಕಾಯುವಂಥವು. ಮುಂದೆ ಸಂಬಳ, ಔಷಧಿ, ದುರಸ್ತಿಯ ಹೊಣೆ ಪಾಲಿಕೆಯದೆಂಬುದೂ ನಿಚ್ಚಳವಾಗಿತ್ತು.

ಇಂದಿನ ದೇಣಿಗೆಗಳು ಎಡವುವುದು ಈ ಕೊನೆಯ ಅಂಶದಲ್ಲಿ. ಉಪನಗರದ ಒಂದು ಪ್ರಸೂತಿಗೃಹಕ್ಕೆ ಒಬ್ಬ ದಾನಿ ಒಳ್ಳೆಯ ಸೋನೋಗ್ರಫಿ ಯಂತ್ರವನ್ನು ಕೊಟ್ಟರು. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯಿದೆಯಂತೆ ಅಂಥ ಯಂತ್ರವನ್ನಿಡುವ ಜಾಗ ನೋಂದಣಿಯಾಗಬೇಕು, ಅರ್ಹ ವೈದ್ಯರೇ ಅದನ್ನು ನಡೆಸಬೇಕು. ಅಲ್ಲಿ ಆ ವೈದ್ಯರ ಹುದ್ದೆ ಮಂಜೂರಾಗಿರಲಿಲ್ಲ, ವಾರ್ಷಿಕ ನಿರ್ವಹಣೆಯ ಗುತ್ತಿಗೆಗೆ ಹಣ ಯಾವ ಶೀರ್ಷಿಕೆಯಿಂದ ಬರಬೇಕೆಂದು ಯಾರೂ ಕೇಳಿರಲಿಲ್ಲ. ನಾನು ನೋಡಿದಾಗ ಯಂತ್ರಕ್ಕೆ ಹೊದಿಕೆ ಹಾಕಿತ್ತು, ಗರ್ಭಿಣಿಯರು ಖಾಸಗಿ ಕೇಂದ್ರಕ್ಕೆ ದುಡ್ಡು ಕೊಟ್ಟು ಹೋಗುತ್ತಿದ್ದರು. ಯಂತ್ರದ ಬದಲು ಅದೇ ಹಣದಲ್ಲಿ ವಾರಕ್ಕೆ ಮೂರು ದಿನ ಬರುವ ತಜ್ಞರನ್ನು ಎರಡು ವರ್ಷ ಇಟ್ಟು, ಆ ಅವಧಿಯಲ್ಲಿ ಹುದ್ದೆಯ ಪ್ರಸ್ತಾವವನ್ನು ಪಾಲಿಕೆಯಲ್ಲಿ ಮುಂದೊತ್ತಿದ್ದರೆ ಫಲ ಬೇರೆಯಿರುತ್ತಿತ್ತು.

ಘಾಟ್‌ಕೋಪರಿನ ಆಜಾದ್ ನಗರದಲ್ಲಿ 2016ರಲ್ಲಿ ಹಿಂದೂಸ್ತಾನ್ ಯೂನಿಲಿವರ್ ಪಾಲಿಕೆಯ ಜೊತೆಗೂಡಿ ತೆರೆದ ಮೊದಲ ‘ಸುವಿಧಾ’ ಕೇಂದ್ರದಲ್ಲಿ ಈ ಎಚ್ಚರ ಕಾಣುತ್ತದೆ. ಶೌಚಾಲಯ, ಸ್ನಾನಗೃಹ, ಬಟ್ಟೆ ಒಗೆಯುವ ಯಂತ್ರ, ಕುಡಿಯುವ ನೀರು ಎಲ್ಲ ಒಂದೇ ಕಡೆ ಇವೆ. ಸ್ನಾನದ ಮತ್ತು ಒಗೆತದ ನೀರು ಶುದ್ಧವಾಗಿ ಶೌಚಾಲಯದ ಫ್ಲಶ್‌ಗೆ ಹೋಗುತ್ತದೆ. ಬಳಕೆದಾರರ ಶುಲ್ಕದಿಂದ ದಿನದ ಖರ್ಚು ನಡೆಯುವಂತೆ ಮೊದಲೇ ಲೆಕ್ಕ ಹಾಕಲಾಗಿತ್ತು. ಆದರೂ ದಿನಗೂಲಿಯ ಕುಟುಂಬಕ್ಕೆ ಶೌಚಾಲಯದ ಶುಲ್ಕವೂ ಭಾರವೇ, ಮತ್ತು ಆ ಭಾರವನ್ನು ತೆರಿಗೆಯ ಹಣ ಹೊರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ದಾನಿ ಹಿಂದೆ ಸರಿದಾಗ ಏನು ಉಳಿಯುತ್ತದೆ ಎಂಬ ಪ್ರಶ್ನೆಗೆ ಪುಣೆಯನ್ನು ನೋಡಬೇಕು. ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ನಿನ ನೂರು ನಗರಗಳ ಯೋಜನೆಗೆ 2016ರಲ್ಲಿ ಪುಣೆ ಆಯ್ಕೆಯಾಯಿತು. ಅತಿವೃಷ್ಟಿ, ನೀರಿನ ಕೊರತೆಯಂಥ ಆಘಾತಗಳನ್ನು ನಗರ ತಾಳಿಕೊಳ್ಳುವಂತೆ ಮಾಡುವ ಈ ಯೋಜನೆ ಆರಂಭದ ವರ್ಷಗಳಿಗೆ ಒಬ್ಬ ವಿಶೇಷ ಅಧಿಕಾರಿಯ ಖರ್ಚನ್ನೂ ತಜ್ಞರ ನೆರವನ್ನೂ ಕೊಡುತ್ತಿತ್ತು. 2019ರಲ್ಲಿ ಫೌಂಡೇಶನ್ ಇಡೀ ಯೋಜನೆಯನ್ನೇ ಮುಗಿಸಿತು. ಅಂಥ ಹುದ್ದೆ ಪಾಲಿಕೆಯ ಸ್ವಂತ ಸಿಬ್ಬಂದಿ ಪಟ್ಟಿಗೆ ಸೇರದಿದ್ದರೆ ಯೋಜನೆಯಡಿ ಬರೆದ ಕಾರ್ಯತಂತ್ರದ ವರದಿ ಕಪಾಟಿನಲ್ಲಿ ಉಳಿಯುತ್ತದೆ.

ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಕಂಪನಿಯ ಕಚೇರಿಯ ಸುತ್ತಲಿನ ಉದ್ಯಾನಕ್ಕೂ ವೃತ್ತಕ್ಕೂ ಹಣ ಸುಲಭವಾಗಿ ಬರುತ್ತದೆ. ಗೋವಂಡಿ, ಮಾನ್‌ಖುರ್ದ್‌ಗಳಿರುವ ಬಡ ಎಂ-ಈಸ್ಟ್ ವಾರ್ಡಿಗೆ ಅಷ್ಟು ಸುಲಭವಾಗಿ ಬರುವುದಿಲ್ಲ. ಎಲ್ಲಿ ಕೊರತೆ ಹೆಚ್ಚೆಂದು ಹೇಳಬೇಕಾದದ್ದು ಪಾಲಿಕೆ, ದಾನಿಯಲ್ಲ. 2022ರ ಮಾರ್ಚ್‌ನಲ್ಲಿ ನಗರಸೇವಕರ (ಚುನಾಯಿತ ಸದಸ್ಯರ) ಅವಧಿ ಮುಗಿದ ಮೇಲೆ ಕೆಲವು ವರ್ಷ ಪಾಲಿಕೆ ಆಡಳಿತಾಧಿಕಾರಿಯ ಕೈಯಲ್ಲೇ ಇದ್ದಾಗ, ಈ ಆಯ್ಕೆಯನ್ನು ಬಹಿರಂಗವಾಗಿ ಪ್ರಶ್ನಿಸುವ ಸಭೆಯೇ ಇರಲಿಲ್ಲ. ಅಧಿಕಾರಿ ವರ್ಗವಾದೊಡನೆ ಬಾಯಿಮಾತಿನ ಒಪ್ಪಿಗೆಗಳೂ ಅವರೊಡನೆ ಹೋದವು.

ನಮ್ಮವರು ಕೊಡುವುದರಲ್ಲಿ ಹಿಂದೆ ಬಿದ್ದವರಲ್ಲ. ಹೋಟೆಲುಗಳಲ್ಲಿ ಹಗಲೆಲ್ಲ ದುಡಿಯುವ ಹುಡುಗರಿಗಾಗಿ ಈ ನಗರದಲ್ಲಿ ಕನ್ನಡ ರಾತ್ರಿಶಾಲೆಗಳನ್ನು ಕಟ್ಟಿದ ಸಮಾಜ ನಮ್ಮದು. ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗೋ ಹತ್ತಿರದ ದವಾಖಾನೆಗೋ ನೆರವಾಗಬೇಕೆಂದಿರುವ ಸಂಘಗಳು ವಸ್ತುವಿನ ಪಟ್ಟಿಯನ್ನು ಹಿಡಿದು ಹೋಗುವ ಬದಲು, ಅಲ್ಲಿನ ಮುಖ್ಯೋಪಾಧ್ಯಾಯರನ್ನೋ ವೈದ್ಯಾಧಿಕಾರಿಯನ್ನೋ ಮೊದಲು ವಿಚಾರಿಸಲಿ. ನಿರ್ವಹಣೆಯ ಖರ್ಚು ಯಾವ ಶೀರ್ಷಿಕೆಯಲ್ಲಿ ಬರುತ್ತದೆಂದು ಒಪ್ಪಂದದಲ್ಲೇ ಬರೆಸಲಿ. ಕಂಪನಿಗಳಿಗೂ ದಾರಿ ಇದೆ: 2021ರಲ್ಲಿ ತಿದ್ದುಪಡಿಯಾದ ಸಿಎಸ್‌ಆರ್ ನಿಯಮಗಳು ಯೋಜನೆಯನ್ನು ಆರಂಭದ ವರ್ಷದ ಆಚೆಗೆ ಇನ್ನೂ ಮೂರು ವರ್ಷ ನಡೆಸಲು ಬಿಡುತ್ತವೆ, ಕಟ್ಟಿದ ಆಸ್ತಿಯನ್ನು ಸಾರ್ವಜನಿಕ ಪ್ರಾಧಿಕಾರದ ಹೆಸರಿಗೆ ಮಾಡಲೂ ಅವಕಾಶ ಕೊಡುತ್ತವೆ. ತೊಡಕಿರುವುದು ಪಂಚಾಂಗದಲ್ಲಿ. ಕಂಪನಿಗೆ ಮಾರ್ಚ್ 31ರ ಗಡುವಿನ ಆತುರ, ಆದರೆ 1888ರ ಮುಂಬಯಿ ಪಾಲಿಕೆ ಕಾಯಿದೆಯಂತೆ ಆಯುಕ್ತರು ಮುಂದಿನ ವರ್ಷದ ಅಂದಾಜನ್ನು ಫೆಬ್ರವರಿ 5ರೊಳಗೆ ಸ್ಥಾಯೀ ಸಮಿತಿಯ ಮುಂದಿಡಬೇಕು. ಆ ಅಂದಾಜಿನಲ್ಲಿ ನಿರ್ವಹಣೆಯ ಹಣ ಸೇರಬೇಕಾದರೆ ಇಲಾಖೆಯ ಜೊತೆಗಿನ ಮಾತುಕತೆ ದೀಪಾವಳಿಯ ಹೊತ್ತಿಗಾದರೂ ಮುಗಿದಿರಬೇಕು.