ಆಟದಲ್ಲಿ ಅಂಕ ಏರಿತು, ಮರೆವು ಹೋಗಲಿಲ್ಲವೇಕೆ?

ಕ್ಯಾನ್ಸರ್ ಚಿಕಿತ್ಸೆಯ ಬಳಿಕ ಮರೆವು ಕಾಡುತ್ತಿದೆ ಎಂದು ಬರುವವರಲ್ಲಿ ಹಲವರು ಈಗ ರಕ್ತಪರೀಕ್ಷೆಯ ವರದಿಗಿಂತ ಮೊದಲು, ನೆನಪು ಚುರುಕಾಗಲೆಂದು ಆಡುವ ಮೊಬೈಲ್ ಆಟದ ಅಂಕಗಳನ್ನು ತೋರಿಸುತ್ತಾರೆ. ‘ಇನ್ನೆಷ್ಟು ದಿನ ಆಡಬೇಕು, ಡಾಕ್ಟರೇ?’ ಎಂದು ಕೇಳುತ್ತಾರೆ. ಇಷ್ಟವಿದ್ದರೆ ಆಡಿ, ಬೇಡವೆನ್ನುವುದಿಲ್ಲ. ಆದರೆ ಬಣ್ಣದ ಚೌಕಗಳ ಆಟವನ್ನು ಎಷ್ಟು ಆಡಿದರೂ ಪಳಗುವುದು ಮುಖ್ಯವಾಗಿ ಆ ಆಟದಲ್ಲಿ. ಮಾತ್ರೆಯ ಹೊತ್ತು ನೆನಪಿಡುವುದು ಬೇರೆಯೇ ಕೆಲಸ. ಕೀಮೋಥೆರಪಿ ಪಡೆದಿದ್ದ 242 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ಕಂಪ್ಯೂಟರಿನಲ್ಲಿ ಮೆದುಳಿಗೆ ತರಬೇತಿ ಪಡೆದವರು ತಮ್ಮ ತೊಂದರೆ ಕಡಿಮೆಯಾಗಿದೆ ಎಂದರು. ನೆನಪಿನ ಪರೀಕ್ಷೆಗಳಲ್ಲಿ ಮಾತ್ರ ಅವರಿಗೂ ಉಳಿದವರಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ತೊಂದರೆ ಕಡಿಮೆಯೆನಿಸುವುದೂ ಒಂದು ಲಾಭವೇ, ಅದನ್ನು ಅಲ್ಲಗಳೆಯಲಾರೆ.

ಎಷ್ಟು ಹೇಳಿದರೂ ತಲೆಗೆ ಹೋಗದ ಸಂಗತಿ ಇನ್ನೊಂದು. ಮರೆತೆವು ಎಂದು ನೀವು ಅಂದುಕೊಳ್ಳುವ ಮಾತು ಬಹಳ ಸಲ ತಲೆಯೊಳಗೆ ಸೇರಿಯೇ ಇರುವುದಿಲ್ಲ. ಚಿಕಿತ್ಸೆಯ ನಂತರ ಹೆಚ್ಚಾಗಿ ಸೊರಗುವುದು ಗಮನ ಮತ್ತು ಗ್ರಹಿಸುವ ವೇಗ. ಗಮನವಿಟ್ಟು ಕೇಳದ್ದನ್ನು ಆಮೇಲೆ ಎಷ್ಟು ತಡಕಿದರೂ ಸಿಗದು. ಒಬ್ಬ ಮಹಿಳೆಯ ಪತಿ ನನ್ನೆದುರೇ ದೂರಿದರು: ‘ಬೆಳಿಗ್ಗೆ ಹೇಳಿದ್ದು ಸಂಜೆಗೆ ನೆನಪಿಲ್ಲ ಇವಳಿಗೆ.’ ನೀವು ಹೇಳುವಾಗ ಆಕೆ ಏನು ಮಾಡುತ್ತಿದ್ದರು ಎಂದು ಕೇಳಿದೆ. ‘ಫೋನಿನಲ್ಲಿ ಮಾತನಾಡುತ್ತಿದ್ದಳು.’ ಆ ದಂಪತಿಯಲ್ಲಿ ಮೊದಲ ತರಬೇತಿ ಯಾರಿಗೆ ಬೇಕಿತ್ತೆಂದು ಬೇರೆ ಹೇಳಬೇಕಿಲ್ಲ. ಎದುರಿಗೆ ಬಂದು, ಒಂದು ಸಲಕ್ಕೆ ಒಂದೇ ವಿಷಯ ಹೇಳಿ, ಆಕೆಯ ಬಾಯಲ್ಲಿ ಅದನ್ನು ಮತ್ತೆ ಹೇಳಿಸುವುದನ್ನು ಅವರು ಕಲಿತರು. ಆಕೆ ಎಲ್ಲವನ್ನೂ ಒಂದೇ ಪುಸ್ತಕದಲ್ಲಿ ಬರೆಯತೊಡಗಿದರು. ಒಂದೇ, ಮೂರಲ್ಲ, ಮೂರು ಇಟ್ಟುಕೊಂಡವರು ಯಾವುದರಲ್ಲಿ ಬರೆದೆ ಎಂದು ಹುಡುಕುತ್ತಾ ಬರುತ್ತಾರೆ. ಬರೆದಿಟ್ಟರೆ ಮೆದುಳು ಸೋಮಾರಿಯಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ತರಬೇತಿಗೂ ಮೊದಲು ರಕ್ತಹೀನತೆ, ಥೈರಾಯ್ಡ್, ನಿದ್ರೆ, ಖಿನ್ನತೆ, ನೋವಿನ ಮಾತ್ರೆಗಳು ಇವನ್ನೆಲ್ಲ ನಿಮ್ಮ ವೈದ್ಯರು ಒಮ್ಮೆ ನೋಡಲಿ. ಹಾರ್ಮೋನ್ ಚಿಕಿತ್ಸೆಯ ಮೇಲೆ ಅನುಮಾನವಿದ್ದರೆ ಕೇಳಿ, ನೀವಾಗಿಯೇ ನಿಲ್ಲಿಸಬೇಡಿ. ದೇಹ ಒಪ್ಪುವಷ್ಟು ನಡಿಗೆಯನ್ನೂ ಸೇರಿಸಿಕೊಳ್ಳಿ. ಹಲವರಲ್ಲಿ ಈ ಮಬ್ಬು ತಿಂಗಳುಗಳು ಕಳೆದಂತೆ ತಿಳಿಯಾಗುತ್ತದೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುವುದೂ ಉಂಟು. ಆದರೆ ಮರೆವು ದಿನೇ ದಿನೇ ಹೆಚ್ಚುತ್ತಿದ್ದರೆ, ಹೊಸದಾಗಿ ತಲೆನೋವು, ಫಿಟ್ಸ್ ಅಥವಾ ಕೈಕಾಲುಗಳಲ್ಲಿ ಬಲಹೀನತೆ ಕಾಣಿಸಿದರೆ ನನ್ನ ಭೇಟಿಗಾಗಿ ಕಾಯಬೇಡಿ. ಕೂಡಲೇ ನಿಮ್ಮ ಕ್ಯಾನ್ಸರ್ ವೈದ್ಯರನ್ನು ಕಾಣಿ.