ಹೊಸಬರ ಪ್ರಶ್ನೆ, ಹಳಬರ ಬಿರುದು: ಈ ತಿಕ್ಕಾಟ ಬೆಳೆದು ಬಂದ ಬಗೆ

ಆನ್‌ಲೈನ್ ಚರ್ಚಾ ವೇದಿಕೆಗಳಲ್ಲಿ ಎರಡು ಜಗಳ ಎಂದೂ ಮುಗಿಯುವುದಿಲ್ಲ. ಹೊಸಬರು ಕೇಳಿದ್ದನ್ನೇ ಕೇಳುತ್ತಾರೆ ಅನ್ನೋದು ಒಂದು. ಹೆಸರಿನ ಕೆಳಗೆ ಕಾಣುವ ಬಿರುದು ಯಾರಿಗೆ ಸಿಗಬೇಕು, ಅದನ್ನು ಅವರವರೇ ಬರೆದುಕೊಳ್ಳಬಹುದಾ ಅನ್ನೋದು ಇನ್ನೊಂದು. ಮೇಲ್ನೋಟಕ್ಕೆ ಇವೆರಡಕ್ಕೂ ಸಂಬಂಧ ಕಾಣುವುದಿಲ್ಲ. ಆದರೆ ಎರಡೂ ಹುಟ್ಟಿದ್ದು ಒಂದೇ ಕಾರಣಕ್ಕೆ. ಕೇಳುವವರು ಜಾಸ್ತಿ, ಉತ್ತರ ಗೊತ್ತಿರುವವರು ಕಡಿಮೆ. ಗೊತ್ತಿರುವವರಿಗೆ ಸಂಬಳವಿಲ್ಲ. ಅವರ ಸಮಯ ಉಳಿಸಬೇಕು, ಅವರು ಬಿಟ್ಟು ಹೋಗದಂತೆ ನೋಡಿಕೊಳ್ಳಬೇಕು.

ಯೂಸ್‌ನೆಟ್ ಎಂಬ ಹಳೆಯ ಚರ್ಚಾ ಜಾಲದ ಕಾಲದಲ್ಲಿ ಬಿರುದುಗಳಿರಲಿಲ್ಲ. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಯೋಚಿಸಿದ ಈ ಜಾಲ ಮರುವರ್ಷ ಶುರುವಾಯಿತು. ಅಲ್ಲಿ ಒಬ್ಬರ ಗುರುತು ಅಂದರೆ ಹೆಸರು, ಇಮೇಲ್ ವಿಳಾಸ, ಕೊನೆಯಲ್ಲೊಂದು ಸಹಿ, ಅಷ್ಟೇ. ಪ್ರತಿ ಸೆಪ್ಟೆಂಬರ್‌ನಲ್ಲಿ ಕಾಲೇಜು ಸೇರಿದ ಹೊಸ ವಿದ್ಯಾರ್ಥಿಗಳು ಒಟ್ಟಿಗೆ ನುಗ್ಗುತ್ತಿದ್ದರು. ಕೆಲವು ವಾರ ಗದ್ದಲ, ಆಮೇಲೆ ಅವರೂ ಪಳಗುತ್ತಿದ್ದರು. ಪದೇ ಪದೇ ಬರುವ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಬರೆದಿಡುವ ಎಫ್‌ಎಕ್ಯೂ ಪಟ್ಟಿಗಳು ಬೆಳೆದದ್ದು 1980ರ ದಶಕದಲ್ಲಿ. 1993ರ ಹೊತ್ತಿಗೆ ಮನೆಗಳಿಗೂ ಸಂಪರ್ಕ ಸಿಗತೊಡಗಿತು. 1994ರಲ್ಲಿ ಮನೆಗಳಿಗೆ ಆನ್‌ಲೈನ್ ಸಂಪರ್ಕ ಕೊಡುತ್ತಿದ್ದ ಎಒಎಲ್ ಕಂಪನಿಯ ಚಂದಾದಾರರೂ ಬಂದರು. ಹೊಸಬರ ಅಲೆ ನಿಲ್ಲಲೇ ಇಲ್ಲ. ಹಳಬರು ಇದಕ್ಕೆ 'ಮುಗಿಯದ ಸೆಪ್ಟೆಂಬರ್' ಎಂದು ಹೆಸರಿಟ್ಟರು. 1995ರಲ್ಲಿ ಬಂದ ನೆಟಿಕೆಟ್ (ಆನ್‌ಲೈನ್ ಶಿಷ್ಟಾಚಾರ) ಮಾರ್ಗಸೂಚಿ, ಅಂದರೆ ಆರ್‌ಎಫ್‌ಸಿ 1855, ಏನನ್ನಾದರೂ ಬರೆಯುವ ಮೊದಲು ಒಂದೆರಡು ತಿಂಗಳು ಸುಮ್ಮನೆ ಓದಿ ಎಂದು ಸಲಹೆ ಕೊಟ್ಟಿತು. ಇವತ್ತು ರಾತ್ರಿಯೇ ಕಂಪ್ಯೂಟರ್ ಕೆಟ್ಟವರಿಗೆ ಒಂದೆರಡು ತಿಂಗಳು ಕಾಯುವುದು ಆಗದ ಮಾತು, ಅಲ್ವಾ.

ನಿಜವಾದ ತಿರುವು ಬಂದದ್ದು ವೆಬ್ ಫೋರಮ್‌ಗಳ ಕಾಲದಲ್ಲಿ. ಫೋರಮ್ ನಡೆಸುವ ತಂತ್ರಾಂಶಗಳಾದ ಪಿಎಚ್‌ಪಿಬಿಬಿ, ವಿಬುಲೆಟಿನ್ ಎರಡೂ 2000ದಲ್ಲಿ ಬಂದವು. ಎಸ್‌ಎಂಎಫ್ ಆಮೇಲೆ ಸೇರಿತು. ಯಾರು ಬೇಕಾದರೂ ಒಂದು ತಂತ್ರಾಂಶ ಹಾಕಿಕೊಂಡು ತಮ್ಮದೇ ವೇದಿಕೆ ತೆರೆಯಬಹುದಾಯಿತು. ಪುಟ ಹೇಗಿರುತ್ತಿತ್ತು ಎಂದು ನೆನಪಿಸಿಕೊಳ್ಳಿ. ಎಡಗಡೆ ಒಂದು ಕಿರಿದಾದ ಪಟ್ಟಿ. ಮೇಲೆ ಹೆಸರು, ಅದರ ಕೆಳಗೆ ಬಿರುದು, ಅದರ ಕೆಳಗೆ ಸಾಲು ನಕ್ಷತ್ರ. ಆಮೇಲೆ ಒಂದು ಚಿತ್ರ, ಸೇರಿದ ದಿನಾಂಕ, ಒಟ್ಟು ಪೋಸ್ಟ್‌ಗಳ ಸಂಖ್ಯೆ. ಬಲಗಡೆ ಮಾತು. ಓದುವವರ ಕಣ್ಣು ಮಾತಿಗಿಂತ ಮೊದಲು ಎಡಗಡೆಗೆ ಹೋಗುವ ಹಾಗೆ ಪುಟವೇ ಇತ್ತು.

ಆ ಬಿರುದು ಬರುತ್ತಿದ್ದುದು ಲೆಕ್ಕದಿಂದ. ಎಸ್‌ಎಂಎಫ್ ತಂತ್ರಾಂಶವನ್ನು ಹಾಕಿಕೊಂಡಾಗ ತಾನಾಗಿ ಇರುತ್ತಿದ್ದ ಮೆಟ್ಟಿಲುಗಳು ಹೀಗೆ: ಸೇರಿದ ಕೂಡಲೇ 'ನ್ಯೂಬಿ', 50 ಪೋಸ್ಟ್ ಆದರೆ 'ಜೂನಿಯರ್ ಮೆಂಬರ್', 100ಕ್ಕೆ 'ಫುಲ್ ಮೆಂಬರ್', 250ಕ್ಕೆ 'ಸೀನಿಯರ್ ಮೆಂಬರ್', 500ಕ್ಕೆ 'ಹೀರೋ ಮೆಂಬರ್'. ಉದ್ದೇಶ ಒಳ್ಳೆಯದೇ. ಹೊಸದಾಗಿ ಬಂದವರಿಗೆ ಯಾರ ಮಾತು ನಂಬಬೇಕು ಎಂದು ಗೊತ್ತಿರುವುದಿಲ್ಲ. ಬಹಳ ದಿನದಿಂದ ಇರುವವರು ಯಾರು ಎಂದು ತಿಳಿದರೆ ಅಷ್ಟರ ಮಟ್ಟಿಗೆ ಸಹಾಯವಾಗುತ್ತದೆ.

ಆದರೆ ಲೆಕ್ಕಕ್ಕೆ ಒಂದು ಗುಣವಿದೆ. ಅದು ಎಣಿಸುತ್ತದೆ, ತೂಗುವುದಿಲ್ಲ. ಒಬ್ಬರು ಒಂದು ಗಂಟೆ ಕೂತು, ಹೊಸಬರ ಸಮಸ್ಯೆಯನ್ನು ತಮ್ಮ ಕಂಪ್ಯೂಟರ್‌ನಲ್ಲೇ ಮಾಡಿ ನೋಡಿ, ಹೆಜ್ಜೆ ಹೆಜ್ಜೆಯಾಗಿ ಉತ್ತರ ಬರೆದರೆ ಒಂದು ಪೋಸ್ಟ್. ಇನ್ನೊಬ್ಬರು 'ಸರ್ಚ್ ಮಾಡಿ' ಎಂದು ಎರಡು ಪದ ಬರೆದು ಹೋದರೂ ಒಂದು ಪೋಸ್ಟ್. ಎರಡಕ್ಕೂ ಲೆಕ್ಕದಲ್ಲಿ ಒಂದೇ ಬೆಲೆ. ಹೀಗಾಗಿ ಹೊಸಬರನ್ನು ಗದರಿಸುವುದು ಮೇಲಿನ ಮೆಟ್ಟಿಲಿಗೆ ಹೋಗುವ ಸುಲಭದ ದಾರಿಯೂ ಆಯಿತು. ಇದನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ತಂತ್ರಾಂಶ ಬರೆದವರಿಗೆ ಎಣಿಸುವುದು ಸುಲಭವಿತ್ತು, ನಡೆಸುವವರಿಗೆ ಪುಟ ತುಂಬಿದಂತೆ ಕಾಣುವುದು ಬೇಕಿತ್ತು, ಸದಸ್ಯರಿಗೆ ನಕ್ಷತ್ರ ಇಷ್ಟವಿತ್ತು. ಅದರ ಭಾರ ಬಿದ್ದದ್ದು ಮೊದಲ ದಿನ ಬಂದವರ ಮೇಲೆ.

ಆ 'ಸರ್ಚ್ ಮಾಡಿ' ಉತ್ತರಗಳ ಪರಿಣಾಮ ಅಲ್ಲಿಗೇ ಮುಗಿಯಲಿಲ್ಲ. ಆ ಪುಟಗಳೆಲ್ಲ ಗೂಗಲ್‌ಗೆ ಸಿಗುತ್ತಿದ್ದವು. ಮುಂದೆ ಯಾರೋ ಅದೇ ಸಮಸ್ಯೆಯನ್ನು ಹುಡುಕಿದಾಗ ಮೇಲೆ ಬರುತ್ತಿದ್ದ ಪುಟದಲ್ಲಿ ಪ್ರಶ್ನೆ ಅವರದೇ ಇರುತ್ತಿತ್ತು, ಉತ್ತರ ಮಾತ್ರ 'ಹುಡುಕಿ ನೋಡಿ'. ಹುಡುಕಿಯೇ ಅವರು ಅಲ್ಲಿಗೆ ಬಂದಿರುತ್ತಿದ್ದರು.

ಕಸ್ಟಮ್ ಟೈಟಲ್ ಹುಟ್ಟಿದ್ದು ಈ ಮೆಟ್ಟಿಲುಗಳ ತುದಿಯಲ್ಲಿ. ಇಷ್ಟು ಪೋಸ್ಟ್ ಆದವರು ಅಥವಾ ಇಷ್ಟು ದಿನ ಕಳೆದವರು ತಮ್ಮ ಬಿರುದನ್ನು ತಾವೇ ಬರೆದುಕೊಳ್ಳಬಹುದು ಎಂದು ವಿಬುಲೆಟಿನ್‌ನಲ್ಲಿ ಹೊಂದಿಸಬಹುದಿತ್ತು. ಬೇರೆ ಕಡೆ ನಡೆಸುವವರೇ ಮೆಚ್ಚಿ ಕೊಡುತ್ತಿದ್ದರು. ಹಲವು ಬಳಗಗಳಲ್ಲಿ ಇದು ಪ್ರೀತಿಯ ವಿಷಯ. ಯಾವುದೋ ಹಳೆಯ ತಮಾಷೆ, ಒಬ್ಬರ ಅಭ್ಯಾಸ, ಒಮ್ಮೆ ಕೊಟ್ಟ ಒಳ್ಳೆಯ ಉತ್ತರದ ನೆನಪು ಆ ಒಂದು ಸಾಲಿನಲ್ಲಿ ಇರುತ್ತಿತ್ತು. ಜನ ಒಂದೆಡೆ ವರ್ಷಗಟ್ಟಲೆ ಉಳಿಯಲು ಇಂಥ ಸಣ್ಣ ಸಂಗತಿಗಳು ನಿಜಕ್ಕೂ ಬೇಕು. ಆದರೆ ವಿಬುಲೆಟಿನ್‌ನಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ಸೆಟ್ಟಿಂಗ್ ಇತ್ತು. ಬಿರುದಿನಲ್ಲಿ ಬಳಸಬಾರದ ಪದಗಳ ಪಟ್ಟಿ. 'ಅಡ್ಮಿನ್', 'ಮಾಡರೇಟರ್' ಎಂಬ ಪದಗಳನ್ನು ತಡೆಯುವುದು ಅದರ ಮುಖ್ಯ ಕೆಲಸ. ಯಾಕೆಂದರೆ ಹಳಬರು ತಮಾಷೆಯಾಗಿ ಓದುವ ಬಿರುದನ್ನು ಹೊಸಬರು ಹುದ್ದೆ ಎಂದೇ ಓದುತ್ತಾರೆ. ಒಳಗಿನವರಿಗೆ ಆಪ್ತವಾದ ಸಾಲು ಹೊರಗಿನಿಂದ ಬಂದವರಿಗೆ ಮುಚ್ಚಿದ ಬಾಗಿಲಿನಂತೆ ಕಾಣುತ್ತಿತ್ತು.

ಇದೇ ಹೊತ್ತಿಗೆ, 2001ರಲ್ಲಿ, ತಂತ್ರಾಂಶ ಲೋಕದ ಎರಿಕ್ ರೇಮಂಡ್ ಮತ್ತು ರಿಕ್ ಮೋಯೆನ್ ಪ್ರಶ್ನೆ ಕೇಳುವುದು ಹೇಗೆ ಎಂಬ ಉದ್ದದ ಮಾರ್ಗದರ್ಶಿ ಬರೆದರು. ಮೊದಲು ಹುಡುಕಿ, ಏನು ಮಾಡಿದಿರಿ ಹೇಳಿ, ದೋಷದ ಸಂದೇಶವನ್ನು ಇದ್ದ ಹಾಗೇ ಕೊಡಿ. ಸಲಹೆಗಳು ಇವತ್ತಿಗೂ ಸರಿಯಾಗಿಯೇ ಇವೆ. ಎಷ್ಟೋ ಕಡೆ ಅದರ ಕೊಂಡಿಯನ್ನೇ ಉತ್ತರವಾಗಿ ಕೊಡಲಾಯಿತು. ಕೊಂಡಿ ಹಿಡಿದು ಬಂದವರು ಬರೆದವರಿಗೇ ಪ್ರಶ್ನೆ ಕಳಿಸತೊಡಗಿದರು. ಕೊನೆಗೆ ನಾವು ನಿಮ್ಮ ಸಹಾಯವಾಣಿ ಅಲ್ಲ ಎಂದು ಅವರು ಮಾರ್ಗದರ್ಶಿಯ ಆರಂಭದಲ್ಲೇ ಬರೆದುಕೊಳ್ಳಬೇಕಾಯಿತು.

2008ರಲ್ಲಿ ಜೆಫ್ ಆಟ್‌ವುಡ್ ಮತ್ತು ಜೋಯಲ್ ಸ್ಪೋಲ್ಸ್ಕಿ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋ ಶುರು ಮಾಡಿದಾಗ ಲೆಕ್ಕವನ್ನೇ ಬದಲಿಸಿದರು. ಪೋಸ್ಟ್ ಎಣಿಕೆ ಹೋಗಿ ಓದಿದವರ ಮತ ಬಂತು. ದೊಡ್ಡ ಸುಧಾರಣೆ ಇದು, ಸಂಶಯವಿಲ್ಲ. ಆದರೆ ಮತಗಳಿಂದ ಸಿಗುವ ಅಂಕಗಳ ಜೊತೆ ಅಧಿಕಾರವೂ ಬಂತು. ಬೇರೆಯವರ ಪೋಸ್ಟ್‌ಗೆ ಕಾಮೆಂಟ್ ಮಾಡಲು 50 ಅಂಕ, ಪ್ರಶ್ನೆ ಮುಚ್ಚಲು ಮತ ಹಾಕಲು 3,000. ಹೊಸಬರ ಹತ್ತಿರ ಇರುವುದು 1. ಅವರಿಗೆ ಒಂದು ಉತ್ತರದ ಮೂರನೇ ಹೆಜ್ಜೆ ಅರ್ಥವಾಗಲಿಲ್ಲ ಅಂದುಕೊಳ್ಳಿ. ಅಲ್ಲೇ ಕೆಳಗೆ ಕೇಳುವಂತಿಲ್ಲ. ಬೇರೆ ದಾರಿ ಕಾಣದೆ ಉತ್ತರದ ಜಾಗದಲ್ಲಿ ಕೇಳುತ್ತಾರೆ. ಇದು ಉತ್ತರವಲ್ಲ ಎಂದು ಅದನ್ನು ಅಳಿಸಲಾಗುತ್ತದೆ. ಹೊಸದಾಗಿ ಪ್ರಶ್ನೆ ಹಾಕಿದರೆ ಈಗಾಗಲೇ ಕೇಳಿದ್ದು ಎಂದು ಮುಚ್ಚಲಾಗುತ್ತದೆ. ಪ್ರತಿ ನಿಯಮಕ್ಕೂ ಕಾರಣವಿದೆ, ಕಸ ತಡೆಯಲೇಬೇಕು. ಎಲ್ಲವೂ ಸೇರಿದಾಗ ಮಾತ್ರ ಹೊಸಬರಿಗೆ ಹೋಗಲು ಜಾಗವೇ ಉಳಿಯುವುದಿಲ್ಲ.

ವಿಕಿಪೀಡಿಯದಲ್ಲೂ ಹೀಗೇ ಆಯಿತು. 'ಹೊಸಬರನ್ನು ಕಚ್ಚಬೇಡಿ' ಎಂಬ ಮಾರ್ಗಸೂಚಿ ಬಹಳ ಹಿಂದೆಯೇ ಇತ್ತು. ಆದರೂ 2007ರ ನಂತರ ಇಂಗ್ಲಿಷ್ ಆವೃತ್ತಿಯಲ್ಲಿ ಸಕ್ರಿಯ ಸಂಪಾದಕರು ಕಡಿಮೆಯಾಗುತ್ತ ಹೋದರು. ಹೊಸಬರ ಒಳ್ಳೆಯ ತಿದ್ದುಪಡಿಗಳನ್ನೂ ತಳ್ಳಿಹಾಕುತ್ತಿದ್ದುದು ಇದಕ್ಕೊಂದು ಕಾರಣ ಎಂದು 2013ರ ಅಧ್ಯಯನವೊಂದು ತೋರಿಸಿತು. 2012ರಲ್ಲಿ ಹೊಸಬರ ಪ್ರಶ್ನೆಗಳಿಗೆಂದೇ 'ಟೀಹೌಸ್' ಎಂಬ ಪುಟ ತೆರೆದರು.

2018ರಲ್ಲಿ ಸ್ಟ್ಯಾಕ್ ಓವರ್‌ಫ್ಲೋ ತನ್ನ ಬ್ಲಾಗ್‌ನಲ್ಲೇ ನಮ್ಮ ಜಾಗ ಹೊಸಬರಿಗೆ ಆದರದಿಂದ ಕೂಡಿಲ್ಲ ಎಂದು ಒಪ್ಪಿಕೊಂಡಿತು. ಅದೇ ವರ್ಷ ಹೊಸಬರ ಪೋಸ್ಟ್ ಜೊತೆ 'ಹೊಸ ಸದಸ್ಯರು, ಸೌಮ್ಯವಾಗಿರಿ' ಎಂಬ ಅರ್ಥದ ಸೂಚನೆ ಬರತೊಡಗಿತು. ಬಿರುದು ಇಲ್ಲಿ ಹೊಸಬರನ್ನು ಕಾಯುವ ಕೆಲಸಕ್ಕೆ ಬಂತು. ಆಟ್‌ವುಡ್ ಮುಂದೆ ಕಟ್ಟಿದ ಡಿಸ್ಕೋರ್ಸ್ ಎಂಬ ಫೋರಮ್ ತಂತ್ರಾಂಶದ ಮೊದಲ ಮೆಟ್ಟಿಲು ಇನ್ನೂ ಇಷ್ಟವಾಗುತ್ತದೆ. ಅಲ್ಲಿ ಎಣಿಸುವುದು ಬರೆದದ್ದನ್ನಲ್ಲ, ಓದಿದ್ದನ್ನು. 5 ವಿಷಯಗಳನ್ನು ತೆರೆದು, 30 ಪೋಸ್ಟ್ ಓದಿ, 10 ನಿಮಿಷ ಕಳೆದರೆ ಸಾಕು. ಒಂದೆರಡು ತಿಂಗಳು ಓದಿ ಎಂಬ 1995ರ ಸಲಹೆ ಇಲ್ಲಿ 10 ನಿಮಿಷಕ್ಕೆ ಇಳಿದಿದೆ, ಯಾರೂ ಗದರಿಸುವುದೂ ಇಲ್ಲ.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಹೊಸಬರ ಪ್ರಶ್ನೆಗಳು ಬೇರೆ ಕಡೆ ಹರಿಯತೊಡಗಿವೆ. ಯಂತ್ರ ಬೇಸರ ಮಾಡಿಕೊಳ್ಳುವುದಿಲ್ಲ, ಬಿರುದು ಕೇಳುವುದಿಲ್ಲ. ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಹೊಸ ಪ್ರಶ್ನೆಗಳ ಸಂಖ್ಯೆ ಬಹಳ ಇಳಿದಿದೆ. ಹಳಬರಲ್ಲಿ ಕೆಲವರಿಗೆ ಇದು ಸಮಾಧಾನ, ಕೇಳಿದ್ದನ್ನೇ ಕೇಳುವವರು ಕಡಿಮೆಯಾದರಲ್ಲ ಎಂದು. ಆದರೆ ಇವತ್ತಿನ ಪರಿಣತರಲ್ಲಿ ಎಷ್ಟೋ ಜನ ಒಂದು ಕಾಲದಲ್ಲಿ ಅಂಥದೇ ಪ್ರಶ್ನೆ ಹಿಡಿದು ಬಂದು, ಉತ್ತರ ಸಿಕ್ಕಿದ್ದಕ್ಕೆ ಅಲ್ಲೇ ಉಳಿದವರು. ಒಬ್ಬರೇ ಕೂತು ಯಂತ್ರಕ್ಕೆ ಕೇಳಿದ ಪ್ರಶ್ನೆಯಿಂದ ಮುಂದಿನವರಿಗೆ ಒಂದು ಪುಟವೂ ಸಿಗುವುದಿಲ್ಲ, ಬಳಗಕ್ಕೆ ಒಬ್ಬ ಹೊಸ ಸದಸ್ಯರೂ ಸಿಗುವುದಿಲ್ಲ.